ಕುದುರೆ ಕೈಯಲ್ಲೇ ಉಳಿಯಿತು, ಕೀಲಿಕೈ ಗಣಪತ್ ಗಲ್ಲಿ ಪಾಲಾಯಿತು

ಬೆಳಗಾವಿಯ ಖಡೇಬಜಾರ್ ಕಡೆ ಹೋದಾಗ ಚೆಸ್ ಕುದುರೆಯ ಕೀಚೈನ್ ಕಂಡು ಮನಸ್ಸಾದರೆ, ದುಡ್ಡು ಕೊಡುವ ಮೊದಲು ಇದನ್ನು ಓದಿ.

ನಾನು ಕೊಂಡದ್ದು ಜೂನ್ ಕೊನೆಗೆ, ಒಂದು ತಳ್ಳುಗಾಡಿಯಲ್ಲಿ. 350 ರೂಪಾಯಿ. ಹೆಬ್ಬೆರಳಿನಷ್ಟು ಕುದುರೆ, ಬಂಗಾರದ ಬಣ್ಣ, ಕಿವಿಯಲ್ಲಿ ತೂತು, ತೂತಿಗೆ ರಿಂಗು. ಪ್ಯಾಕೆಟ್ ಮೇಲೆ ‘ಸ್ಟಾಂಟನ್ 1849’ ಎಂದಿತ್ತು. ಯಾವುದೋ ದೊಡ್ಡ ಕಂಪನಿ ಇರಬೇಕು ಅಂದುಕೊಂಡೆ. ಮನೆಯಲ್ಲಿ ಮಗ ನಕ್ಕ. ಆ ವರ್ಷ ಲಂಡನ್ನಿನಲ್ಲಿ ಮಾರಾಟಕ್ಕೆ ಬಂದ ಚೆಸ್ ಕಾಯಿಗಳಿಗೆ ಆಗಿನ ಹೆಸರಾಂತ ಆಟಗಾರ ಹೊವಾರ್ಡ್ ಸ್ಟಾಂಟನ್ ಹೆಸರಿಟ್ಟಿದ್ದರಂತೆ. ಈಗ ಟೂರ್ನಮೆಂಟ್‌ಗಳಲ್ಲೂ ಅದೇ ಆಕಾರ. ಅಂದರೆ ಅದು ಬರೀ ಆಕಾರದ ಹೆಸರು. ಯಾರು ಬೇಕಾದರೂ, ಯಾವುದರಲ್ಲಿ ಬೇಕಾದರೂ ಮಾಡಬಹುದು.

ಮಾರುವವನು ಭಾರಿ ಚಾಲಾಕಿ. “ಅಕ್ಕಾರ, ಗಟ್ಟಿ ಹಿತ್ತಾಳಿ ಐತ್ರಿ” ಅಂತ ಜೇಬಿನಿಂದ ಅಯಸ್ಕಾಂತ ತೆಗೆದು ಕುದುರೆಗೆ ತಾಗಿಸಿದ. ಅಂಟಲಿಲ್ಲ. ಕಬ್ಬಿಣ ಅಲ್ಲ ಅಂದಮೇಲೆ ಹಿತ್ತಾಳೆಯೇ ಅಲ್ವಾ?

ಇಪ್ಪತ್ತು ದಿನವೂ ಆಗಿರಲಿಲ್ಲ. ಗಣಪತ್ ಗಲ್ಲಿಯಲ್ಲಿ ಕಾಯಿಪಲ್ಲೆ ಕೊಂಡು, ಜಿಟಿಜಿಟಿ ಮಳೆಯಲ್ಲಿ ಗಾಡಿ ಹತ್ತಿರ ಬಂದೆ. ಕುದುರೆಯನ್ನು ಪರ್ಸಿನ ಜಿಪ್ಪಿಗೆ ಸಿಕ್ಕಿಸಿ ಕೀಲಿಕೈಗಳನ್ನು ಹೊರಗೆ ಜೋತುಬಿಡುವುದು ನನ್ನ ಚಟ. ಅದು ನನ್ನದೇ ತಪ್ಪು ಬಿಡಿ. ಎಳೆದರೆ ಕುದುರೆ ಮಾತ್ರ ಬಂತು. ಕಿವಿ ಮುರಿದಿತ್ತು. ಗಾಡಿಯದು, ಮನೆಯದು, ತಿಜೋರಿಯದು, ಮೂರೂ ಮಾಯ. ಕೆಸರಲ್ಲಿ ಒಂದು ತಾಸು ಹುಡುಕಿದೆ. ಕೊತ್ತಂಬರಿ ಮಾರುವ ಅಜ್ಜಿ ಪಾಪ, ತಾನು ಕೂತ ತಟ್ಟನ್ನೂ ಎತ್ತಿ ನೋಡಿದಳು. ಗಾಡಿಗೆ ಇನ್ನೊಂದು ಕೀಲಿಕೈ ಮನೆಯಲ್ಲಿತ್ತು, ಪುಣ್ಯ. ಬಾಗಿಲಿಗೆ ಹೊಸ ಕೀಲಿ, ತಿಜೋರಿಗೆ ಹೊಸ ಕೀಲಿಕೈ ಅಂತ 1,800 ರೂಪಾಯಿ ಹೋಯಿತು.

ನನ್ನ ತಮ್ಮ ಉದ್ಯಮಬಾಗ್‌ನಲ್ಲಿ ಫೌಂಡ್ರಿ ಕೆಲಸಕ್ಕೆ ಹೋಗುತ್ತಾನೆ. ಅವನು ಮುರಿದ ಜಾಗವನ್ನಷ್ಟೇ ನೋಡಿದ. “ಅಕ್ಕಾ, ಒಳಗ ಬೂದಿ ಬಣ್ಣ ಐತಿ ನೋಡು. ಹಿತ್ತಾಳಿ ಆಗಿದ್ರ ಒಳಗೂ ಹಳದಿನ ಇರ್ತಿತ್ತು.” ಅದು ಸತುವಿನ ಎರಕ, ಮೇಲೊಂದು ತೆಳು ಲೇಪ. ಸತುವಿಗೂ ಅಯಸ್ಕಾಂತ ಅಂಟುವುದಿಲ್ಲ! ಸತು ಸುಮಾರು 420 ಡಿಗ್ರಿಗೇ ಕರಗುತ್ತದೆ, ಹಿತ್ತಾಳೆಗೆ 900ರ ಆಸುಪಾಸು ಬೇಕು. ಹೊಯ್ಯುವುದು ಸುಲಭ, ಕುದುರೆಯ ಜೂಲಿನ ಎಳೆ ಎಳೆಯೂ ಅಚ್ಚುಕಟ್ಟಾಗಿ ಮೂಡುತ್ತದೆ. ದಪ್ಪಗಿದ್ದರೆ ಸತುವೂ ತಡೆಯುತ್ತದಂತೆ. ನನ್ನ ಕುದುರೆಯ ತೂತಿನ ಸುತ್ತ ಉಗುರಿನಷ್ಟು ದಪ್ಪವೂ ಇರಲಿಲ್ಲ.

ಕೊಳ್ಳಲೇಬೇಕು ಅನಿಸಿದರೆ ತಳದಲ್ಲಿ ಒಂದು ಗೀರು ಹಾಕಿಸಿ ನೋಡಿ. ಒಪ್ಪಲಿಲ್ಲವೇ, ಸುಮ್ನೆ ಮುಂದೆ ನಡೆಯಿರಿ. ಕೀಲಿಕೈಗಳು ಬೇರೆ ಉಕ್ಕಿನ ರಿಂಗಿನಲ್ಲಿರಲಿ. ಪರ್ಸಿಗೆ ಸಿಕ್ಕಿಸುವುದು ಆ ರಿಂಗನ್ನೇ, ಕುದುರೆ ಪಕ್ಕದಲ್ಲಿ ತೂಗಾಡುತ್ತಿರಲಿ.

ಮುರಿದದ್ದನ್ನು ಹಿಡಿದು ಮತ್ತೆ ಅವನ ಹತ್ತಿರ ಹೋಗಿದ್ದೆ. ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಅಂದ, “ಶೋಕಿಗೆ ಇಟ್ಕೊಳ್ಳೋದ್ರಿ ಅಕ್ಕಾರ ಇದು. ಇದಕ್ಕ ಕೀಲಿಕೈ ಯಾರ ಹಾಕ್ತಾರ್ರಿ?”