ಹಳೆಯ ಹಿತ್ತಾಳೆ ಕೊಟ್ಟು ಹೊಸ ಸ್ಟೀಲು ತಂದೆ: ಹಾಸನ, ಚಿಕ್ಕಮಗಳೂರಿನವರು ದಯವಿಟ್ಟು ಓದಿ

ಮನೆಯ ಹಳೆಯ ಪಾತ್ರೆಗಳನ್ನು ತೂಕಕ್ಕೆ ಹಾಕಿಕೊಂಡು "ಟ್ರೈಪ್ಲೈ ಸರ್ಜಿಕಲ್ ಸ್ಟೀಲ್" ಸೆಟ್ ಕೊಡುತ್ತೇವೆ ಎಂದು ಯಾರಾದರೂ ನಿಮ್ಮ ಬಡಾವಣೆಗೆ ಬಂದರೆ, ಅವರ ಕೈಗೆ ಒಂದು ಚಮಚವನ್ನೂ ಕೊಡಬೇಡಿ. ಪೂರ್ತಿ ಓದುವ ವ್ಯವಧಾನ ಎಲ್ಲರಿಗೂ ಇರುವುದಿಲ್ಲವಾದ್ದರಿಂದ ಇದನ್ನು ಮೊದಲೇ ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿದವಳು ನಾನು. ನನಗೆ ಮೋಸ ಮಾಡಲು ಅವರು ಬಳಸಿದ್ದು, ನಾನೇ ಮಕ್ಕಳಿಗೆ ಕಲಿಸಿದ ಪ್ರಯೋಗಗಳನ್ನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ.

ಕಳೆದ ವರ್ಷ ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳಲ್ಲಿ, ಊರು ತುಂಬ ಜನ, ಮನೆ ತುಂಬ ನೆಂಟರು ಇದ್ದಾಗ, ನಮ್ಮ ಬಡಾವಣೆಯ ಮಹಿಳೆಯರ ಗುಂಪಿಗೆ ಒಂದು ಆಹ್ವಾನ ಬಂತು. ಅಡುಗೆ ಪಾತ್ರೆ ಮತ್ತು ಆರೋಗ್ಯದ ಬಗ್ಗೆ ಉಚಿತ ಮಾಹಿತಿ, ಬಂದವರಿಗೆಲ್ಲ ಒಂದು ಸ್ಟೀಲ್ ಡಬ್ಬಿ ಉಡುಗೊರೆ. ಸಭಾಂಗಣದಲ್ಲಿ ಸುಮಾರು ನಲವತ್ತು ಮಂದಿ ಇದ್ದೆವು. ಮಾತನಾಡಿದ ಯುವಕ ಬಹಳ ವಿನಯವಂತ, ನನ್ನನ್ನು ಮೊದಲಿನಿಂದ ಕೊನೆಯವರೆಗೂ "ಅಮ್ಮಾ" ಎಂದೇ ಕರೆದ. ಈ "ಅಮ್ಮಾ" ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಮೊದಲು ಆತ ನಮ್ಮಲ್ಲೊಬ್ಬರ ಮನೆಯಿಂದ ಅಲ್ಯೂಮಿನಿಯಂ ಪಾತ್ರೆಯೊಂದನ್ನು ತರಿಸಿ, ಅದರಲ್ಲೂ ತನ್ನ ಪಾತ್ರೆಯಲ್ಲೂ ನೀರಿಗೆ ಅಡುಗೆ ಸೋಡಾ ಹಾಕಿ ಕುದಿಸಿದ. ಅಲ್ಯೂಮಿನಿಯಂ ಪಾತ್ರೆಯ ನೀರು ಮಸುಕಾಯಿತು, ಒಳಮೈ ಕಪ್ಪಾಯಿತು. "ನೋಡಿ ಅಮ್ಮಾ, ದಿನಾ ಇದನ್ನೇ ಕುಡೀತಾ ಇದ್ದೀರಿ" ಎಂದ. ಸಭೆಯಲ್ಲಿ ಗುಸುಗುಸು ಎದ್ದಿತು. ಅಲ್ಯೂಮಿನಿಯಂ ಕ್ಷಾರದೊಡನೆ ವರ್ತಿಸುತ್ತದೆ, ಅದರ ಮೇಲಿರುವ ತೆಳುವಾದ ಆಕ್ಸೈಡ್ ಪದರ ಕರಗುತ್ತದೆ ಎಂಬುದನ್ನು ನಾನೇ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಸೋಡಾ ನೀರು ಯಾರ ಮನೆಯ ಅಡುಗೆಯೂ ಅಲ್ಲ, ಆದ್ದರಿಂದ ಆ ಪ್ರಯೋಗ ಅವನ ಪಾತ್ರೆಯ ಗುಣವನ್ನು ತೋರಿಸುವುದಿಲ್ಲ. ಯಾವುದೇ ಸ್ಟೀಲ್ ಪಾತ್ರೆಯಲ್ಲಿ ಕುದಿಸಿದ್ದರೂ ನೀರು ತಿಳಿಯಾಗಿಯೇ ಇರುತ್ತಿತ್ತು. ಎದ್ದು ನಿಂತು ಇಷ್ಟನ್ನು ಹೇಳಬೇಕಾಗಿತ್ತು. ನಾನು ತಲೆಯಾಡಿಸಿದೆ.

ನಂತರ ಕಾದ ಬಾಣಲೆಗೆ ನೀರು ಚಿಮುಕಿಸಿದ. ಹನಿಗಳು ಪಾದರಸದ ಗುಂಡುಗಳಂತೆ ಓಡಾಡಿದವು. "ಎಣ್ಣೆ ಬೇಡ, ಏನೂ ಅಂಟಲ್ಲ, ಇದು ನಮ್ಮ ಸ್ಟೀಲಿನ ವಿಶೇಷ." ತಳ ಸಾಕಷ್ಟು ಕಾದರೆ ಹನಿಯ ಕೆಳಗೆ ಆವಿಯ ಪದರವೊಂದು ನಿಂತು ಅದನ್ನು ಎತ್ತಿ ಹಿಡಿಯುತ್ತದೆ. ಲೈಡನ್‌ಫ್ರಾಸ್ಟ್ ಎಂಬ ಜರ್ಮನ್ ವೈದ್ಯ 1756ರಲ್ಲೇ ಇದನ್ನು ವಿವರಿಸಿದ್ದಾನೆ. ನಿಮ್ಮ ಮನೆಯ ಕಬ್ಬಿಣದ ಕಾವಲಿಯ ಮೇಲೂ ಇದೇ ಆಗುತ್ತದೆ. ಕೊನೆಗೆ ಪಾತ್ರೆಯ ಪಕ್ಕಕ್ಕೆ ಆಯಸ್ಕಾಂತ ಹಿಡಿದ, ಅದು ಅಂಟಲಿಲ್ಲ. "ಅಂಟಲಿಲ್ಲ ಅಂದ್ರೆ ಅಪ್ಪಟ 304" ಎಂದ. 304 ಎಂದರೆ ಒಳ್ಳೆಯ ದರ್ಜೆಯ ಸ್ಟೀಲು. ನಾನು ಸೋತದ್ದು ಇಲ್ಲಿ, ಏಕೆಂದರೆ ಇದನ್ನು ನಾನೂ ನಂಬಿದ್ದೆ.

ಸೆಟ್ಟಿನ ಬೆಲೆ 34,500 ರೂಪಾಯಿ. ನಾನು ಹಿಂಜರಿದಾಗ "ಹಳೇ ಹಿತ್ತಾಳೆ ಇದ್ರೆ ಕೊಡಿ ಅಮ್ಮಾ, ಕಿಲೋಗೆ 360 ಕಳೀತೀವಿ, ಇವತ್ತೊಂದೇ ದಿನ" ಎಂದ. ಅತ್ತೆಯವರ ಕಾಲದ ಹಿತ್ತಾಳೆ ಕೊಳಗ, ಎರಡು ತಪ್ಪಲೆ, ಒಂದು ಬಿಂದಿಗೆ ನಮ್ಮ ಅಟ್ಟದ ಮೇಲಿದ್ದವು. ಹಿತ್ತಾಳೆಗೆ ಕಲಾಯಿ ಇಲ್ಲದಿದ್ದರೆ ಹುಳಿ ಮಾಡುವಂತಿಲ್ಲ, ಕಲಾಯಿ ಹಾಕುವವರು ಮೊದಲಿನಂತೆ ಬೀದಿಗೆ ಬರುವುದಿಲ್ಲ. ಹೀಗಾಗಿ ಅವು ಬಳಕೆ ತಪ್ಪಿ ವರ್ಷಗಳಾಗಿದ್ದವು. ಇದು ನಾನು ನನಗೇ ಕೊಟ್ಟುಕೊಂಡ ಸಮಜಾಯಿಷಿ. ಸಂಜೆ ಇಬ್ಬರು ಹುಡುಗರು ಮನೆಗೆ ಬಂದು, ಕೈಯಲ್ಲಿ ತೂಗು ಹಾಕುವ ಸಣ್ಣ ತಕ್ಕಡಿಯಲ್ಲಿ ತೂಗಿ ಹನ್ನೊಂದೂವರೆ ಕಿಲೋ ಎಂದರು. 4,140 ರೂಪಾಯಿ ಕಳೆದರು, ಉಳಿದ 30,360ನ್ನು ನಾನು ಫೋನಿನಲ್ಲೇ ಪಾವತಿ ಮಾಡಿದೆ. ಹೊರಡುವಾಗ ಒಬ್ಬ ಒಲೆಯ ಪಕ್ಕದಲ್ಲಿದ್ದ ಬೀಡಿನ ಕಾವಲಿಯನ್ನು ನೋಡಿ, "ಇದಿನ್ಯಾಕಮ್ಮಾ, ಹೊಸ ತವಾ ಬಂತಲ್ಲ, ಕಬ್ಬಿಣಕ್ಕೆ ರೇಟಿಲ್ಲ, ಸುಮ್ನೆ ತಗೊಂಡು ಹೋಗ್ತೀವಿ" ಎಂದ. ನಾನು ಕೊಟ್ಟೆ. ಅದನ್ನು ತೂಕಕ್ಕೂ ಹಾಕಲಿಲ್ಲ. ನಲವತ್ತು ವರ್ಷ ಅಕ್ಕಿ ರೊಟ್ಟಿ ಬೇಯಿಸಿ, ಎಣ್ಣೆ ಕುಡಿದು ಕನ್ನಡಿಯಂತಾಗಿದ್ದ ಕಾವಲಿ ಅದು. ನಾನೇ ಕೈಯಾರೆ ಎತ್ತಿ ಕೊಟ್ಟೆ.

ರಾತ್ರಿ ನಮ್ಮ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: "ಕೊಳಗ ಒಂದೇ ಏಳು ಕಿಲೋ ಇದೆ ಅಂತ ಅಮ್ಮ ಹೇಳ್ತಿದ್ದರಲ್ಲ, ಎರಡು ತಪ್ಪಲೆ, ಬಿಂದಿಗೆ ಎಲ್ಲಾ ಸೇರಿ ನಾಲ್ಕೂವರೆ ಕಿಲೋನಾ?" ನನ್ನ ಬಳಿ ಉತ್ತರವಿರಲಿಲ್ಲ.

ಪಾತ್ರೆಗಳ ಬಣ್ಣ ಬಯಲಾಗಲು ಮೂರು ವಾರ ಸಾಕಾಯಿತು. ಹಾಲು ಕಾಯಿಸಿದರೆ ತಳದಲ್ಲಿ ಅಲ್ಲ, ತಳ ಮುಗಿದು ಪಕ್ಕ ಶುರುವಾಗುವ ಕಡೆ ಬಳೆಯಂತೆ ಸುತ್ತಲೂ ಸೀಯುತ್ತಿತ್ತು. ಉಪ್ಪಿಟ್ಟು ಅಲ್ಲೇ ಹಿಡಿಯುತ್ತಿತ್ತು. ರಾತ್ರಿ ಉಳಿದ ಹುಳಿಯನ್ನು ಅದರಲ್ಲೇ ಬಿಟ್ಟರೆ ಬೆಳಿಗ್ಗೆ ಕಂದು ಚುಕ್ಕೆಗಳು. ಹೊಸ ತವಾದ ಮೇಲೆ ಅಕ್ಕಿ ರೊಟ್ಟಿ ಒಂದು ಕಡೆ ಕರಿ, ಇನ್ನೊಂದು ಕಡೆ ಹಸಿ. ದಪ್ಪ ಬೀಡು ನಿಧಾನವಾಗಿ ಕಾದರೂ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ, ರೊಟ್ಟಿಗೆ ಬೇಕಾಗಿರುವುದು ಅದೇ. ತೆಳು ಸ್ಟೀಲು ಉರಿ ತಾಗಿದ ಕಡೆ ಮಾತ್ರ ಕಾಯುತ್ತದೆ.

ಸಾಣೆಗೆ ಕೊಟ್ಟಂತೆ ತಿಕ್ಕಿ ತಿಕ್ಕಿ ಬೇಸತ್ತು, ಒಂದು ಪಾತ್ರೆಯನ್ನು ಚೀಲದಲ್ಲಿ ಹಾಕಿಕೊಂಡು ಕಟ್ಟಿನಕೆರೆ ಮಾರುಕಟ್ಟೆಯ ಕಡೆ ನಮಗೆ ಪರಿಚಯವಿದ್ದ ಹಿರಿಯ ಪಾತ್ರೆ ವ್ಯಾಪಾರಿಯೊಬ್ಬರ ಬಳಿ ಹೋದೆ. ಅವರು ಏನೂ ಹೇಳದೆ ಪಾತ್ರೆಯ ಹೊರಮೈಗೆ ಒಂದು ಹನಿ ಪರೀಕ್ಷೆಯ ದ್ರಾವಣ ಬಿಟ್ಟು, ಸಣ್ಣ ಬ್ಯಾಟರಿಯನ್ನು ಮುಟ್ಟಿಸಿದರು. ಹನಿ ಕೆಂಪಾಯಿತು. "ಇದು 304 ಅಲ್ಲಮ್ಮಾ, 202 ಜಾತಿದು" ಎಂದರು. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. 202ರಲ್ಲಿ ದುಬಾರಿಯಾದ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಎರಡಕ್ಕೂ ಆಯಸ್ಕಾಂತ ಅಂಟುವುದಿಲ್ಲ! ಸಭಾಂಗಣದಲ್ಲಿ ನಲವತ್ತು ಜನರ ಮುಂದೆ ನಡೆದ ಆಯಸ್ಕಾಂತದ ಪರೀಕ್ಷೆಗೆ ಅರ್ಥವೇ ಇರಲಿಲ್ಲ. ಆಮೇಲೆ ಅವರು ಪಾತ್ರೆಯನ್ನು ಮಗುಚಿ, ತಳಕ್ಕೆ ಬಿಲ್ಲೆಯೊಂದನ್ನು ಬೆಸೆದಿರುವ ಗೆರೆಯನ್ನು ಬೆರಳಿನಿಂದ ತೋರಿಸಿದರು. ಟ್ರೈಪ್ಲೈ ಎಂದರೆ ಎರಡು ಸ್ಟೀಲ್ ಪದರಗಳ ನಡುವೆ ಅಲ್ಯೂಮಿನಿಯಂ ಹಾಳೆ ತಳದಿಂದ ಕಂಠದವರೆಗೂ ಇರಬೇಕು. ಸ್ಟೀಲು ಶಾಖವನ್ನು ಸರಿಯಾಗಿ ಹರಡುವುದಿಲ್ಲವೆಂದೇ ನಡುವೆ ಅಲ್ಯೂಮಿನಿಯಂ ಇಡುವುದು. ನಮ್ಮದರಲ್ಲಿ ಅದು ತಳದ ಬಿಲ್ಲೆಯಲ್ಲಿ ಮಾತ್ರ ಇತ್ತು, ಬಿಲ್ಲೆ ಮುಗಿದಲ್ಲಿ ಹಾಲು ಸೀಯುತ್ತಿತ್ತು. ಅಲ್ಯೂಮಿನಿಯಂ ವಿಷ ಎಂದು ಹೆದರಿಸಿ ಮಾರಿದ ಪಾತ್ರೆಯ ಹೊಟ್ಟೆಯಲ್ಲೂ ಅಲ್ಯೂಮಿನಿಯಮ್ಮೇ ಇತ್ತು ಎಂಬುದು ನನಗೆ ಆಗ ಹೊಳೆಯಿತು. ಅಂಗಡಿಯಲ್ಲೇ ಕುರ್ಚಿ ಕೇಳಿ ಕುಳಿತೆ.

202 ವಿಷವೆಂದು ನಾನು ಹೇಳುತ್ತಿಲ್ಲ. 202ರ ಬೆಲೆಗೆ, 202 ಎಂದು ಹೇಳಿ ಮಾರಿದ್ದರೆ ನನಗೆ ತಕರಾರಿರಲಿಲ್ಲ.

ಇನ್ನು ಅವರ ಉತ್ತರಗಳು. ಮೊದಲ ಸಲ ಫೋನ್ ಮಾಡಿದಾಗ "ಮೇಡಂ, ಗ್ಯಾಸ್ ಹೈನಲ್ಲಿ ಇಟ್ಟಿರ್ತೀರಿ." ಅಮ್ಮ ಹೋಗಿ ಮೇಡಂ ಬಂದಿತ್ತು. ಎರಡನೆಯ ಸಲ "ನಿಮ್ಮೂರಿನ ನೀರು ಗಡಸು ಮೇಡಂ, ಅದಕ್ಕೇ ಚುಕ್ಕೆ." ಮೂರನೆಯ ಸಲ, "ತಣ್ಣೀರಿಗೆ ಉಪ್ಪು ಹಾಕಿದ್ರಾ? ಹಾಕಿದ್ರೆ ವಾರಂಟಿ ಹೋಯ್ತು." ತಣ್ಣೀರಿಗೆ ಉಪ್ಪು ಹಾಕಿ ಹಾಗೇ ಬಿಟ್ಟರೆ ಒಳ್ಳೆಯ ಸ್ಟೀಲಿನಲ್ಲೂ ಗುಳಿ ಬೀಳುವುದುಂಟು, ಅದು ನಿಜ, ಆದರೆ ಮಾರುವಾಗ ಅದನ್ನು ಹೇಳಿದವರು ಯಾರು? "ಆಜೀವ ವಾರಂಟಿ ಎಂದು ಕಾರ್ಡಿನಲ್ಲಿ ಬರೆದಿದ್ದೀರಲ್ಲ" ಎಂದು ಕೇಳಿದೆ. ಬಂದ ಉತ್ತರ ಇದು, ಅಕ್ಷರಶಃ ಇದು: "ಲೈಫ್‌ಟೈಮ್ ಅಂದ್ರೆ ಪಾತ್ರೆಯ ಲೈಫ್‌ಟೈಮ್ ಮೇಡಂ, ನಿಮ್ಮದಲ್ಲ." ಸ್ಟೀಲಿನ ಪರೀಕ್ಷೆಯ ವಿಷಯ ಎತ್ತಿದೊಡನೆ "ಮಾರ್ಕೆಟ್ಟಿನೋರು ನಮ್ಮ ಮೇಲೆ ಹೊಟ್ಟೆಕಿಚ್ಚಿಗೆ ಹೇಳ್ತಾರೆ" ಎಂದರು. ನನ್ನ ಪಾತ್ರೆಗಳನ್ನಾದರೂ ಹಿಂದಿರುಗಿಸಿ, ಆ 4,140ನ್ನು ನಾನೇ ಕೊಡುತ್ತೇನೆ ಎಂದು ಅಂಗಲಾಚಿದೆ. "ಅದೆಲ್ಲ ಅವತ್ತೇ ಕರಗೋಕೆ ಹೋಯ್ತು." ಆಮೇಲೆ ಆ ಸಂಖ್ಯೆ ಹತ್ತಲೇ ಇಲ್ಲ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನಾವು ವಾಸವಿರುವ ಊರಿನಲ್ಲೇ ದೂರು ಹೂಡಬಹುದು, ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ಆದರೆ ಎದುರುಪಕ್ಷದ ವಿಳಾಸ ಬೇಕು. ನನ್ನ ಬಳಿ ಇರುವುದು "ಎಸ್ಟಿಮೇಟ್" ಎಂದು ಬರೆದ ಒಂದು ಚೀಟಿ, ಅದರಲ್ಲಿ ಜಿಎಸ್‌ಟಿ ಸಂಖ್ಯೆಯಿಲ್ಲ, ವಾರಂಟಿ ಕಾರ್ಡಿನಲ್ಲಿ ಊರಿನ ಹೆಸರೂ ಇಲ್ಲ. ಕೈಯಲ್ಲಿ ಸರಿಯಾದ ಬಿಲ್ಲು ಬರುವವರೆಗೆ ಹಣ ಕಳುಹಿಸಬೇಡಿ. ಸ್ಟೀಲ್ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲೇ ಆದೇಶ ಹೊರಡಿಸಿದೆ. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ನಾನು ನೋಡಲಿಲ್ಲ. ಹಳೆಯ ಪಾತ್ರೆ ಕೊಡಲೇಬೇಕಾದರೆ ನಿಮ್ಮೂರಿನ ಅಂಗಡಿಯಲ್ಲಿ, ನಿಮ್ಮ ಕಣ್ಣೆದುರಿಗೆ, ನೆಲದ ಮೇಲಿಟ್ಟ ತಕ್ಕಡಿಯಲ್ಲಿ ತೂಗಿಸಿ ಕೊಡಿ. ಕಾವಲಿಯನ್ನು ಮಾತ್ರ ಯಾರಿಗೂ ಕೊಡಬೇಡಿ.

ಇದೇ ತಂಡ ಬೇಲೂರಿನಲ್ಲೂ ಸಭೆ ಮಾಡಿತ್ತೆಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ಮುಂದಿನದು ಚಿಕ್ಕಮಗಳೂರು ಎಂದು ಅವರೇ ಅಲ್ಲಿ ಹೇಳಿಕೊಂಡಿದ್ದರಂತೆ. ಅಲ್ಲಿನವರು ದಯವಿಟ್ಟು ನಿಮ್ಮ ಮನೆಯ ಹಿರಿಯರಿಗೆ ಇದನ್ನು ಓದಿ ಹೇಳಿ.

ಎಲ್ಲ ಕರಗಿತು ಎಂಬ ಅವರ ಮಾತನ್ನು ನನ್ನ ಮನಸ್ಸು ಇನ್ನೂ ಒಪ್ಪಿಲ್ಲ. ಕೊಳಗದ ಕಂಠದ ಮೇಲೆ, ಎಡಗಡೆಯ ಹಿಡಿಯ ಕೆಳಗೆ, ಚುಕ್ಕೆಯ ಅಕ್ಷರಗಳಲ್ಲಿ "ಗೌ. 1961" ಎಂದು ಕೆತ್ತಿದೆ. ಅತ್ತೆಯವರು ಮದುವೆಯಾಗಿ ಬಂದ ವರ್ಷ ಅದು. ಯಾವುದಾದರೂ ಗುಜರಿ ಅಂಗಡಿಯಲ್ಲೋ, ಹಳೆಯ ಪಾತ್ರೆ ಮಾರುವವರ ಬಳಿಯೋ ಅಂಥದ್ದು ಕಣ್ಣಿಗೆ ಬಿದ್ದರೆ ಇಲ್ಲಿ ಒಂದು ಸಾಲು ಬರೆಯಿರಿ. ಅವರು ಕೇಳಿದಷ್ಟು ಕೊಟ್ಟು ತರುತ್ತೇನೆ.