ಇಂಜಿನ್ ಕೈಕೊಟ್ಟಾಗ ಏನು ಮಾಡಬೇಕು: ಲಿವರ್‌ಮೋರ್‌ನ ಒಂದು ಫ್ಲೈಯಿಂಗ್ ಸ್ಕೂಲ್

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ವಿಮಾನ ಹಾರಿಸಲು ಕಲಿಯಬೇಕು ಅನ್ನುವ ನಮ್ಮವರು ಮೊದಲು ಕೇಳುವುದು ಗಂಟೆಗೆ ಎಷ್ಟು ಅಂತ. ನಾನಾದರೆ ಕೇಳುವುದು, ಇಂಜಿನ್ ನಿಂತುಹೋದಾಗ ಇಳಿಸುವ ಪಾಠವನ್ನು ಹೇಗೆ ಮಾಡಿಸ್ತೀರಿ ಅಂತ. ಲಿವರ್‌ಮೋರ್ ಏರ್‌ಪೋರ್ಟ್‌ನ ಈ ಚಿಕ್ಕ ಶಾಲೆಯಲ್ಲಿ ಅದಕ್ಕೆ ಸರಿಯಾದ ಉತ್ತರ ಸಿಕ್ಕಿತು.

ನಾನು ಮೊದಲು ಕಲಿಯುತ್ತಿದ್ದ ಕಡೆ (ಹೆಸರು ಬೇಡ) ಮೇಷ್ಟ್ರು ಒಂದು ಮಾತೂ ಹೇಳದೆ ಮಿಕ್ಸ್ಚರ್‌ನ (ಪೆಟ್ರೋಲ್, ಗಾಳಿಯ ಹದ ಮಾಡುವ) ಕೆಂಪು ಗುಂಡಿಯನ್ನೇ ಹೊರಗೆಳೆದುಬಿಟ್ಟಿದ್ದರು. ಅಂದರೆ ಇಂಜಿನ್‌ಗೆ ಪೆಟ್ರೋಲ್ಲೇ ಬಂದ್. ಅದೂ ನೆಲಕ್ಕೆ ಹತ್ತಿರ ಇರುವಾಗ. ಇಂಜಿನ್ ತೊದಲುತ್ತಾ ಮತ್ತೆ ಹಿಡಿದುಕೊಂಡಿತು, ಸದ್ಯ. ಆಮೇಲೆ ಕೇಳಿದರೆ, "ನಿಜವಾದ ಅನುಭವ ಆಗ್ಲಿ ಅಂತ" ಅಂದರು. ನಿಜವಾದ ಅಪಘಾತವೂ ಆಗಬಹುದಿತ್ತು, ಅಲ್ವಾ?

ಇಲ್ಲಿ ಹಾಗಲ್ಲ. ಹಾರುವ ಮೊದಲು ಬೋರ್ಡ್ ಮುಂದೆ ಕೂರಿಸಿ ಎಲ್ಲ ಮಾತಾಡುತ್ತಾರೆ. ಪವರ್ ಇಳಿಸುವುದು ಥ್ರಾಟಲ್‌ನಿಂದ (ಕಾರಿನ ಆಕ್ಸಿಲರೇಟರ್ ಇದ್ದ ಹಾಗೆ) ಮಾತ್ರ, ಮಿಕ್ಸ್ಚರ್ ಮುಟ್ಟುವ ಹಾಗಿಲ್ಲ. ನೆಲದಿಂದ 500 ಅಡಿಗೆ ಬಂದರೆ ಆಟ ಮುಗಿಯಿತು, ಫುಲ್ ಪವರ್ ಕೊಟ್ಟು ಮೇಲೇಳಬೇಕು. ಮನೆ, ಜನ ಇರುವ ಕಡೆ ಅದಕ್ಕೂ ಮೊದಲೇ. ಅಭ್ಯಾಸ ಅನ್ನುವ ಕಾರಣಕ್ಕೆ ಕನಿಷ್ಠ ಎತ್ತರದ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ಮೇಷ್ಟ್ರು "ಮೈ ಕಂಟ್ರೋಲ್ಸ್" ಅಂದರೆ ನಾನು ಕೈ ಬಿಡಬೇಕು, ಬಿಟ್ಟೆ ಅಂತ ಬಾಯಿಬಿಟ್ಟು ಹೇಳಬೇಕು.

ಆಸ್ಟ್ರೇಲಿಯಾದ ರೆನ್‌ಮಾರ್ಕ್‌ನಲ್ಲಿ 2017ರ ಮೇ 30ರಂದು ನಡೆದದ್ದನ್ನೂ ಅಲ್ಲೇ ಹೇಳಿದರು. ಎರಡು ಇಂಜಿನ್‌ನ ಸೆಸ್ನಾ ಕಾಂಕ್ವೆಸ್ಟ್ ಟೇಕಾಫ್ ಆದ ಕೂಡಲೇ ಒಂದು ಇಂಜಿನ್ ಹೋದ ಹಾಗೆ ಅಭ್ಯಾಸ ಮಾಡಲು ಹೋಗಿ ವಿಮಾನ ಬಿತ್ತು. ಒಳಗಿದ್ದ ಮೂವರೂ ಅನುಭವಿ ಪೈಲಟ್‌ಗಳು, ಮೂವರೂ ಉಳಿಯಲಿಲ್ಲ. ಅಷ್ಟು ಕೆಳಗೆ ಸರಿಪಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಪಾಠ ನಡೆಯುವುದು ಆಲ್ಟಮಾಂಟ್ ಗುಡ್ಡ ದಾಟಿದ ಮೇಲೆ, ಬೈರನ್ ಕಡೆಯ ಬಯಲಿನಲ್ಲಿ. ವಿಮಾನ ಹಳೇ ಸೆಸ್ನಾ 172 ಎನ್. ಮೇಷ್ಟ್ರು ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ನಲ್ಲಿ ಮಂಜುಗಟ್ಟದ ಹಾಗೆ ಬಿಸಿಗಾಳಿ ಕೊಡುವ ಗುಂಡಿ) ಎಳೆದು, ಥ್ರಾಟಲ್ ಹಿಂದಕ್ಕೆ ತಂದು, "ಇದು ಅಭ್ಯಾಸ" ಅಂತ ಜೋರಾಗಿ ಹೇಳುತ್ತಾರೆ. ಮೊದಲ ಕೆಲಸ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗ ಹಿಡಿಯುವುದು, ಇಂಜಿನ್ ಇಲ್ಲದೆ ಹೆಚ್ಚು ದೂರ ತೇಲುವುದು ಆ ವೇಗದಲ್ಲೇ. ಗಾಳಿ ಇಲ್ಲದಿದ್ದರೆ ಪ್ರತಿ ಸಾವಿರ ಅಡಿ ಎತ್ತರಕ್ಕೆ ಎರಡೂವರೆ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ ತೇಲಬಹುದು. ಆಮೇಲೆ ಹೊಲ ಹುಡುಕಬೇಕು. ಗಾಳಿ ಯಾವ ಕಡೆಯದು ಅಂತ ಗುಡ್ಡದ ಗಾಳಿಯಂತ್ರಗಳೇ ಹೇಳುತ್ತವೆ, ಅವು ಮುಖ ಮಾಡಿರುವ ಕಡೆಯಿಂದ ಬೀಸುತ್ತಿರುತ್ತದೆ. ನಾನು ಒಂದು ಹಸಿರು ಹೊಲ ತೋರಿಸಿದೆ. "ಆ ತುದಿಯ ಕಂಬ ನೋಡಿದಿರಾ? ತಂತಿ ಕಾಣಲ್ಲ, ಕಂಬ ಹುಡುಕಿ" ಅಂದರು.

ನನಗೆ ತುಂಬ ಹಿಡಿಸಿದ್ದು ಚೆಕ್‌ಲಿಸ್ಟ್ ಮಾಡಿಸುವ ರೀತಿ. ಪೆಟ್ರೋಲ್ ವಾಲ್ವ್, ಮಿಕ್ಸ್ಚರ್, ಇಗ್ನಿಷನ್ ಕೀ, ಎಲ್ಲವನ್ನೂ ಬೆರಳಿಂದ ಮುಟ್ಟಿ ಹೆಸರು ಹೇಳಬೇಕು, ತಿರುಗಿಸಬಾರದು. ನಿಜವಾಗಿಯೂ ಇಂಜಿನ್ ಇಲ್ಲದೆ ಹೊಲದಲ್ಲಿ ಇಳಿಯುವ ಮುಂಚಿನ ಚೆಕ್‌ಲಿಸ್ಟ್‌ನಲ್ಲಿ ಇವನ್ನೆಲ್ಲ ಆಫ್ ಮಾಡು ಅಂತಲೇ ಇರುತ್ತದೆ. ಗಾಬರಿಯಲ್ಲಿ ಕಾಕ್‌ಪಿಟ್‌ನ ನೆಲದ ಮೇಲಿರುವ ಪೆಟ್ರೋಲ್ ವಾಲ್ವ್ ತಿರುಗಿಸಿಬಿಟ್ಟರೆ ಅಭ್ಯಾಸ ಹೋಗಿ ನಿಜವೇ ಆಗುತ್ತದೆ. ಅದಕ್ಕೇ ಮೇಷ್ಟ್ರ ಅಂಗೈ ಸದಾ ವಾಲ್ವ್ ಮೇಲೆ ಅಡ್ಡ ಇರುತ್ತದೆ. ಇಳಿಯುತ್ತಾ ನಡುನಡುವೆ ಥ್ರಾಟಲ್ ಸ್ವಲ್ಪ ಮುಂದೆ ತಳ್ಳಿ, ಇಂಜಿನ್ ತಣ್ಣಗಾಗಿಲ್ಲ, ಕರೆದರೆ ಓಗೊಡುತ್ತದೆ ಅಂತ ಖಾತ್ರಿ ಮಾಡಿಕೊಳ್ಳುತ್ತಾರೆ.

ನಾಲ್ಕೂವರೆ ಸ್ಟಾರ್. ಅರ್ಧ ಕಡಿತ ಬುಕಿಂಗ್‌ಗೆ: ಶನಿವಾರ, ಭಾನುವಾರ ಸುಮ್ನೆ ಕೇಳಲೂಬೇಡಿ, ವಾರದ ನಡುವೆ ಬೆಳಗ್ಗೆ ರಜೆ ಹಾಕಿಕೊಂಡು ಹೋಗಿ. ಬೇಸಿಗೆಯಲ್ಲಂತೂ ಬೆಳಗ್ಗೆಯೇ ಒಳ್ಳೆಯದು, ಮಧ್ಯಾಹ್ನದ ಮೇಲೆ ಗುಡ್ಡದ ಗಾಳಿ ಕುಲುಕಾಡಿಸುತ್ತದೆ.