ಉಟ್ರೆಕ್ಟ್‌ನಲ್ಲಿ ಸಾಲುಮನೆ: ಲೊಂಬೊಕ್ಕೋ, ಲೈಡ್ಸೆ ರೈನೋ?

ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿ ಮಕ್ಕಳೊಂದಿಗೆ ನೆಲೆಯೂರಲು ಮನೆ ನೋಡುತ್ತಿದ್ದೀರಾ? ಹಾಗಾದರೆ ಈ ಎರಡೂ ಬಡಾವಣೆ ಸುತ್ತಿ ಬನ್ನಿ.

ಲೊಂಬೊಕ್‌ನ ಬಹುಪಾಲು ಮನೆಗಳಿಗೆ ನೂರು ವರ್ಷದ ಆಸುಪಾಸು. ಸೆಂಟ್ರಲ್ ಸ್ಟೇಷನ್ನಿಗೆ ನಡೆದೇ ಹೋಗಬಹುದು. ಕನಾಲ್‌ಸ್ಟ್ರಾಟ್‌ನ ಟರ್ಕಿ, ಮೊರೊಕ್ಕೊ ಅಂಗಡಿಗಳಲ್ಲಿ ಬದನೆಕಾಯಿ, ಕೊತ್ತಂಬರಿ ಕಟ್ಟು ಸಿಗುತ್ತವೆ. ಆ ಬೀದಿಯ ಕಳೆಯೇ ಬೇರೆ. ಆದರೆ ಮನೆಯೊಳಗೆ ಹೋದವರು ಮೊದಲು ಮೆಟ್ಟಿಲು ಹತ್ತಿಳಿದು ನೋಡಿ. ಎಷ್ಟೋ ಕಡೆ ಅದು ಏಣಿಯಷ್ಟು ಕಡಿದಾಗಿದ್ದು, ಪಾದ ಅಡ್ಡ ಇಟ್ಟೇ ಇಳಿಯಬೇಕು. ಊರಿಂದ ಬಂದು ಮೂರು ತಿಂಗಳು ಇರುವ ಅಮ್ಮನ ಮಂಡಿಗೆ ಅದು ಕಷ್ಟ. ಆಮೇಲೆ ಹೊರಗೋಡೆಯ ಒಳಮೈಗೆ ಅಂಗೈ ಒತ್ತಿ. ಕೊರೆಯುವಷ್ಟು ತಣ್ಣಗಿದ್ದರೆ ಚಳಿಗಾಲದ ಬಿಲ್ಲು ಅಲ್ಲೇ ಗೊತ್ತಾಗುತ್ತದೆ. ಮನೆ ಎಷ್ಟು ಇಂಧನ ಉಳಿಸುತ್ತದೆ ಎಂದು ತೋರಿಸುವ ಎನರ್ಜಿ ಲೇಬಲ್ ಕೇಳಿ, ಕಟ್ಟಡ ತಪಾಸಣೆ ಮಾಡಿಸದೆ ಸಹಿ ಹಾಕಬೇಡಿ.

ಲೈಡ್ಸೆ ರೈನ್ 1990ರ ದಶಕದ ಕೊನೆಯಿಂದ ಎದ್ದ ಬಡಾವಣೆ. ಕಾಂಕ್ರೀಟ್ ಮಹಡಿ, ಬೆಚ್ಚಗಿನ ಗೋಡೆ, ಮಕ್ಕಳಿಗೆ ಮಾಕ್ಸಿಮಾ ಪಾರ್ಕ್. ಬಹಳಷ್ಟು ಮನೆಗಳಿಗೆ ಬಿಸಿನೀರು ಬಡಾವಣೆಯ ಕೊಳವೆಯಿಂದಲೇ ಬರುತ್ತದೆ. ದರ ಹಿಡಿಸದಿದ್ದರೂ ಕಂಪನಿ ಬದಲಿಸುವ ಹಾಗಿಲ್ಲ. ಒಲೆ ಇಂಡಕ್ಷನ್ ಆಗಿದ್ದರೆ ಊರಿಂದ ತಂದ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬಾರದು.

ಹಳೇ ಮನೆ ಕೊಂಡು ಅದರಲ್ಲೇ ವಾಸಿಸುವವರಿಗೆ ಮನೆ ಹೆಸರಿಗೆ ಬರುವಾಗ ಕಟ್ಟುವ ವರ್ಗಾವಣೆ ತೆರಿಗೆ ಸಾಮಾನ್ಯವಾಗಿ ಶೇ. 2. ಒಪ್ಪಂದದ ಪ್ರತಿ ಕೈಗೆ ಬಂದ ಮೇಲೆ ಮನಸ್ಸು ಬದಲಿಸಲು ಕನಿಷ್ಠ 3 ದಿನ.

ಮಗು ಚಿಕ್ಕದು, ಅಪ್ಪ-ಅಮ್ಮ ಬಂದುಹೋಗುತ್ತಾರೆ ಅಂದರೆ ನನ್ನ ಓಟು ಲೈಡ್ಸೆ ರೈನ್‌ಗೆ. ದಿನಾ ರೈಲು ಹಿಡಿಯುವವರು ಲೊಂಬೊಕ್ ಬಿಡಬೇಡಿ.